ಎಮ್ಮೆಗೆ ಕಟ್ಟಿಸಿದ ಕೋಣೆ

ಬಸ್ಸು ದಾಂಡೇಲಿಯ ಹತ್ತಿರ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಬಿದಿರು ಬೇಯಿಸಿ, ಅದರೊಳಗೆ ಏನೇನೋ ಮದ್ದು ಹಾಕಿದ ಕಾಗದದ ಕಾರ್ಖಾನೆಯ ವಾಸನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಉದ್ದಕ್ಕೆ ಉಸಿರೆಳೆದುಕೊಂಡೆ. ಆ ವಾಸನೆ ಬಂತೆಂದರೆ ನನಗೆ ಇಬ್ಬರು ನೆನಪಾಗುತ್ತಾರೆ. ಒಂದು, ನಾನು ಮಣ್ಣಿಗೆ ಕೊಟ್ಟ ನನ್ನ ಮೊದಲ ಕೂಸು. ಇನ್ನೊಬ್ಬ ಮುಕಾದಮ ಗುರುಶಿದ್ದಪ್ಪ. ಕೂಸಿಗಾಗಿ ಅತ್ತು ಅತ್ತು ಕಣ್ಣೀರು ಮುಗಿದಿದೆ. ಗುರುಶಿದ್ದಪ್ಪನ ಮೇಲಿನ ಸಿಟ್ಟು ಮುಗಿದಿಲ್ಲ. ಅವನು ಸತ್ತು ಎಷ್ಟೋ ವರ್ಷವಾಯಿತು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ, ಅನ್ನುವವರ ಗಂಟೇನು ಹೋಗುತ್ತದೆ.

ನಾನೀಗ ಇರುವುದು ಹಳಿಯಾಳದಲ್ಲಿ, ಮಗನ ಮನೆಯಲ್ಲಿ. ದಾಂಡೇಲಿಯ ಹಳೆಯ ಮನೆಯಲ್ಲಿ ಮಗಳು ಗಿರಿಜಾ ಇದ್ದಾಳೆ. ಅವಳು ಫೋನ್ ಮಾಡಿ, "ಅವ್ವಾ, ಬಚ್ಚಲಾ ಒಡದು ಹೊಸಾದು ಕಟ್ಟಸಾಕತ್ತೇನಿ. ನಿನ್ನ ಒಗಿಯೂ ಕಲ್ಲು ಏನ್ಮಾಡ್ಲಿ?" ಎಂದು ಕೇಳಿದಳು. "ಅದನ್ನ ಯಾರೂ ಮುಟ್ಟಬ್ಯಾಡ್ರಿ, ನಾನೇ ಬರ್ತೇನಿ" ಅಂದೆ. ಒಂದು ಒಗೆಯುವ ಕಲ್ಲಿಗಾಗಿ ಈ ವಯಸ್ಸಿನಲ್ಲಿ ಬಸ್ಸು ಹತ್ತುತ್ತೀಯಲ್ಲ ಅಜ್ಜಿ ಎಂದು ಮೊಮ್ಮಗ ನಕ್ಕ. ಅವನಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಮದುವೆಯಾಗಿ ದಾಂಡೇಲಿಗೆ ಬಂದಾಗ ಕಾರ್ಖಾನೆ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ಧಾರವಾಡ, ಬೆಳಗಾವಿ ಕಡೆಯ ಮಂದಿ ಗಂಟುಮೂಟೆ ಕಟ್ಟಿಕೊಂಡು ಬರುತ್ತಿದ್ದ ಕಾಲ ಅದು. ಕೆಲಸ ಸಿಗುತ್ತಿತ್ತು, ಸೂರು ಸಿಗುತ್ತಿರಲಿಲ್ಲ. ಕಾಯಂ ನೌಕರರಿಗೆ ಕ್ವಾರ್ಟರ್ಸ್ ಇದ್ದವು. ನಮ್ಮ ಯಜಮಾನರಂಥ, ಲಾರಿಯಿಂದ ಬಿದಿರು ಇಳಿಸುವ ದಿನಗೂಲಿಯವರಿಗೆ ತಟ್ಟಿ ಗುಡಿಸಲೇ ಗತಿ. ಕಡೆಗೆ ಊರಿನ ನಾಲ್ಕು ಹಿರಿಯರು ಸೇರಿ ಸಂಘ ಮಾಡಿಕೊಂಡು, ಊರ ಹೊರಗಿನ ದಿಬ್ಬದ ಮೇಲೆ ನಮ್ಮಂಥವರಿಗೆಂದು ಸಾಲಾಗಿ ಮನೆ ಕಟ್ಟಿಸಿದರು. ಮನೆ ಎಂದರೆ ಪೂರ್ತಿ ಮನೆಯಲ್ಲ, ಒಂದೇ ಕೋಣೆ. ಅದರ ಹಿಂದೆ ಇನ್ನೊಂದು ಕೋಣೆಗಾಗುವಷ್ಟು ಕಲ್ಲಿನ ಪಾಯ ಹಾಕಿ, ಮಣ್ಣು ತುಂಬಿಸಿ, ಹಾಗೇ ಬಯಲು ಬಿಟ್ಟಿದ್ದರು. "ಇಷ್ಟು ನಾವು ಕೊಟ್ಟೇವಿ. ಉಳದದ್ದು ನಿಮ್ಮ ಕೈಲಾದಂಗ ನೀವು ಕಟ್ಟಿಕೊಳ್ರಿ" ಅಂದಿದ್ದರು. ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ನಮಗೆ ಅರ್ಧ ಕಟ್ಟಿ ಕೊಟ್ಟು ಉಳಿದರ್ಧ ನೋಡು ಅಂದ ಹಾಗಾಯಿತು. ಆದರೂ ಅವರು ಮಾಡಿದ್ದು ಪುಣ್ಯದ ಕೆಲಸ, ಅದನ್ನು ಇಲ್ಲವೆನ್ನಲಾರೆ.

ಹಿಂದಿನ ಗೋಡೆಯಲ್ಲಿ ಅವರೊಂದು ಜಾಣತನ ಮಾಡಿದ್ದರು. ಮುಂದೆ ಬಾಗಿಲು ಬರಬೇಕಾದ ಜಾಗದ ಮೇಲೆ ಕಲ್ಲಿನ ತೊಲೆ ಕೂಡಿಸಿ, ಕೆಳಗೆ ಗಾರೆ ಹಾಕದೆ ಬರೀ ಕೆಸರಿನಲ್ಲಿ ಇಟ್ಟಿಗೆ ಪೇರಿಸಿ ಮುಚ್ಚಿದ್ದರು. ಹಿಂದಿನ ಕೋಣೆ ಎದ್ದ ದಿನ ಹಾರೆಯಿಂದ ಆ ಇಟ್ಟಿಗೆ ಉದುರಿಸಿದರೆ ಬಾಗಿಲು ತಯಾರು, ಗೋಡೆಗೆ ಪೆಟ್ಟಿಲ್ಲ. ನಾವು ಅದಕ್ಕೆ ಕುರುಡು ಬಾಗಿಲು ಅನ್ನುತ್ತಿದ್ದೆವು. ಓಣಿಯಲ್ಲಿ ಯಾರದಾದರೂ ಕುರುಡು ಬಾಗಿಲು ಒಡೆಯುವುದೆಂದರೆ ಸಣ್ಣ ಮದುವೆಯ ಸಡಗರ. ಹಿಂದಿನ ದಿನ ಮನೆಮನೆಗೆ ಕುಂಕುಮ ಹಚ್ಚಿ ಕರೆಯಬೇಕು. ಮನೆಯ ಹಿರಿಯ ಹೆಂಗಸು ಮೊದಲ ಇಟ್ಟಿಗೆ ಉದುರಿಸಬೇಕು. ಆಮೇಲೆ ಓಣಿಗೆಲ್ಲ ಹೋಳಿಗೆ. ಹೋಳಿಗೆ ಉಂಡವರು ಆ ಹಿಂದಿನ ಕೋಣೆ ಇವರದೇ ಎಂದು ಒಪ್ಪಿದ ಹಾಗೆ. ಕಾಗದ ಪತ್ರ ಯಾರ ಹತ್ತಿರವೂ ಇರಲಿಲ್ಲ, ಇದೇ ನಮ್ಮ ಪತ್ರ.

ನಮ್ಮದು ಒಂದೇ ಕೋಣೆ. ಅದರಲ್ಲಿ ಅತ್ತೆ, ಯಜಮಾನರು, ಮೈದುನ, ನಾನು. ಮೊದಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು, ತವರಿನಲ್ಲಿ ತಾಯಿ ಇರಲಿಲ್ಲ. ಶ್ರಾವಣದ ಮಳೆ. ಇಲ್ಲಿಯ ಮಳೆ ನಿಮ್ಮ ಧಾರವಾಡದ ಮಳೆಯಲ್ಲ, ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಕಾಳಿ ನದಿ ಕೆಂಪಾಗಿ ಹರಿಯುತ್ತಿತ್ತು. ಗಂಡಸರಿಬ್ಬರೂ ಗೋಣಿಚೀಲ ಹೊದ್ದು ಹೊರಗೆ ಕೂತರು. ಒಳಗೆ ಸೀರೆ ಕಟ್ಟಿ ಮರೆ ಮಾಡಿ, ಪಕ್ಕದ ಓಣಿಗೂ ಸೂಲಗಿತ್ತಿಯಾಗಿದ್ದ ಸಾವಕ್ಕ ನನ್ನ ಹೆರಿಗೆ ಮಾಡಿಸಿದಳು. ಹೆಂಚಿನ ಸಂದಿನಿಂದ ನೀರು. ನೆಲವೆಲ್ಲ ಹಸಿ. ಒಲೆ ಹಚ್ಚಿದರೆ ಹೊಗೆಗೆ ಕೂಸು ಕೆಮ್ಮುತ್ತಿತ್ತು, ಆರಿಸಿದರೆ ನಡುಗುತ್ತಿತ್ತು. ಗಂಡು ಕೂಸು. ತೊಟ್ಟಿಲು ಕಟ್ಟುವ ಮೊದಲೇ ಹೋಯಿತು. ಅದನ್ನು ಎತ್ತಿಕೊಂಡು ಹೋಗುವಾಗ ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು, ಗುರುಶಿದ್ದಪ್ಪನೂ ನಿಂತಿದ್ದ. ಅವನು ನೋಡಿದ್ದಾನೆ. ಇದನ್ನು ನೆನಪಿಡಿ.

ಗುರುಶಿದ್ದಪ್ಪ ನಮ್ಮ ಬಲಗಡೆಯ ಮನೆಯವನು. ಯಜಮಾನರು ಕೆಲಸ ಮಾಡುತ್ತಿದ್ದ ಬಿದಿರಿನ ಗ್ಯಾಂಗಿಗೆ, ಗುತ್ತಿಗೆದಾರನ ಪರವಾಗಿ, ಅವನೇ ಮುಕಾದಮ. ನಾಳೆ ಯಾರು ಬರಬೇಕು ಯಾರು ಬೇಡ ಎಂದು ಬೆರಳು ತೋರಿಸುವವನು. ಹಣೆತುಂಬ ವಿಭೂತಿ, ಮಾತು ತುಂಬ ಧರ್ಮ. ಓಣಿಯ ನ್ಯಾಯಕ್ಕೂ ಅವನೇ ಮುಂದೆ.

ಆ ದೀಪಾವಳಿಯ ನಂತರ ಅವನು ತನ್ನ ಕುರುಡು ಬಾಗಿಲು ಒಡೆದ. ಅವನ ಹಿಂದಿನ ಪಾಯದ ಮೇಲೆ, ಆಚೆಮನೆಯ ಸಾವಕ್ಕ ತನ್ನ ಆಡುಗಳಿಗೆಂದು ಗೂಟ ನೆಟ್ಟು, ತಟ್ಟಿ ಕಟ್ಟಿ, ಹಳೆಯ ಹೆಂಚು ಹೊಚ್ಚಿ ಒಂದು ಗೂಡು ಮಾಡಿಕೊಂಡಿದ್ದಳು. ಖಾಲಿ ಬಿದ್ದ ಜಾಗ, ಇರಲಿ ಎಂದು ಅವನೇ ಹೇಳಿದ್ದನಂತೆ, ಈಗ ಅದೇ ತನ್ನ ಹಿಂದಿನ ಕೋಣೆ ಎಂದ. ಸಾವಕ್ಕ ಗಂಡ ಸತ್ತವಳು. "ಮುಕಾದಮರ, ಜಾಗಾ ನಿಮ್ಮದು ಖರೆ. ನನ್ನ ತಟ್ಟಿ ಹೆಂಚು ನಾ ಬಿಚ್ಚಿಕೊಂಡು ಹೋಗ್ತೇನ್ರಿ" ಅಂದಳು. ಅವನು ಹೋಳಿಗೆ ಪಂಕ್ತಿಯ ಮುಂದೆ ನಿಂತು ದೊಡ್ಡ ದನಿಯಲ್ಲಿ ತೀರ್ಪು ಕೊಟ್ಟ. "ನೋಡವ್ವಾ ಸಾವಕ್ಕ, ಕುಡ್ಡ ಬಾಗಿಲಾ ಒಡದ ಮ್ಯಾಲ ಬಾಗಿಲದ ಹಿಂದ ಇದ್ದದ್ದೆಲ್ಲಾ ಬಾಗಿಲದವರದು. ಯಾರ ತಟ್ಟಿ, ಯಾರ ಹೆಂಚು ಅಂತ ಕೇಳೂದಿಲ್ಲ. ಇವತ್ತಿಗೂ ಇದ, ಮುಂದಕ್ಕೂ ಇದ." ಬಾಯಲ್ಲಿ ಹೋಳಿಗೆ ಇದ್ದವರು ತಲೆ ಆಡಿಸಿದರು. ನಾನೂ ಉಂಡಿದ್ದೆ. ಸಾವಕ್ಕ ಮಾತ್ರ ಎಲೆ ಬಿಟ್ಟು ಎದ್ದುಹೋದಳು.

ಸಂಕ್ರಾಂತಿ ಕಳೆದ ಮೇಲೆ ನಾವೆಲ್ಲ ತೇರಗಾಂವಕ್ಕೆ ಹೋದೆವು. ಅಲ್ಲಿ ಅತ್ತೆಯ ತಮ್ಮನ ಹೊಲ, ಸುಗ್ಗಿಗೆ ಕೈ ಬೇಕಿತ್ತು, ಕೂಲಿಯ ಬದಲು ಕಾಳು. ಅಷ್ಟರಲ್ಲಿ ನನಗೆ ಮತ್ತೆ ತಿಂಗಳು ನಿಂತಿತ್ತು. ರಾಶಿ ಮಾಡುವಾಗ ಅತ್ತೆ ನನಗೆ ಬಗ್ಗಲು ಬಿಡಲಿಲ್ಲ. ಚಕ್ಕಡಿಯಲ್ಲಿ ಕಾಳು ಹೇರಿಕೊಂಡು ಬರುವಾಗ ಯಜಮಾನರು, "ಈ ಸಲ ಮಳಿಗಿ ಮುಂಚೆ ಹಿಂದ ಒಂದು ಖೋಲಿ ಆಗಬೇಕು" ಅಂದರು. ಅತ್ತೆ ತಕ್ಷಣ, "ಬಸುರಿ ಇದ್ದ ಮನಿಯಾಗ ಕಟ್ಟಡಾ ಕಟ್ಟಬಾರದಪಾ" ಅಂದಳು. ನಮ್ಮ ಕಡೆ ಅದೊಂದು ನೇಮ. ಬಸುರಿಯ ಮನೆಯವರು ಅಗೆಯಬಾರದು, ಕಟ್ಟಬಾರದು, ಮೊಳೆ ಹೊಡೆಯಬಾರದು. ಒಂದು ಕೂಸು ಕಳೆದುಕೊಂಡವರಿಗೆ ನೇಮ ಮೀರುವ ಎದೆ ಎಲ್ಲಿಂದ ಬರಬೇಕು. ಹಾಗಾದರೆ ಮತ್ತೆ ಅದೇ ಹಸಿ ನೆಲ, ಅದೇ ಸೀರೆಯ ಮರೆ. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಒಣ ನೆಲದ ಒಂದು ಕೋಣೆ, ಇಷ್ಟೇ ನನಗೆ ಬೇಕಿದ್ದದ್ದು. ಅದಿಲ್ಲದಿದ್ದರೆ ಇದೂ ಕೈಗೆ ಹತ್ತುವುದಿಲ್ಲ ಎಂದು ಹೊಟ್ಟೆಯೊಳಗೇ ಗೊತ್ತಾಗಿತ್ತು.

ಮನೆಗೆ ಬಂದು ಹಿತ್ತಲಿಗೆ ಹೋದರೆ ನಮ್ಮ ಪಾಯದ ಮೇಲೆ ಸೊಂಟದೆತ್ತರ ಕಲ್ಲಿನ ಗೋಡೆ ಎದ್ದಿದೆ. ಮೂರು ಕಡೆ ಹೊಸ ಗೋಡೆ, ನಾಲ್ಕನೆಯದು ನಮ್ಮ ಮನೆಯ ಹಿಂಗೋಡೆ. ಜೋಯಿಡಾ ಕಡೆಯ ಒಬ್ಬ ಗೌಂಡಿ ಕರಣಿ ಹಿಡಿದು ನಿಂತಿದ್ದ, ಕೊಂಕಣಿ ಬೆರೆಸಿದ ಕನ್ನಡದಲ್ಲಿ, "ಮುಕಾದಮಾಂಚಿ ಎಮ್ಮಿ ಮನಿ, ಬಾಯಿ" ಅಂದ.

ಯಜಮಾನರು ಹೋಗಿ ಕೇಳಿದರು. ನಾನೂ ಹಿಂದೆ ನಿಂತಿದ್ದೆ. ಗುರುಶಿದ್ದಪ್ಪ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ.

"ಬಸಣ್ಣಾ, ನಿಮ್ಮ ಮನಿಯಾಗ ಹೆಂಗೂ ಬಸುರಿ ಅದಾಳ, ಈ ವರ್ಷ ನೀವು ಕಟ್ಟೂದಿಲ್ಲ. ಜಾಗಾ ಖಾಲಿ ಯಾಕ ಬೀಳಬೇಕು? ನೀವು ಕಟ್ಟೂಮುಂದ ಬಿಟ್ಟುಕೊಡ್ತೇನಿ ತಗೋ."

"ಕಲ್ಲಿನ ಗ್ವಾಡಿ ಕಟ್ಟಿ ಯಾರರ ಬಿಟ್ಟುಕೊಡ್ತಾರೇನ್ರಿ?" ಅಂದದ್ದು ನಾನು. ಗಂಡಸರ ನಡುವೆ ಬಾಯಿ ಹಾಕಬಾರದಿತ್ತು, ಹಾಕಿದೆ. "ಹ್ವಾದ ಮಳಿಗಾಲದಾಗ ಏನಾತು ನೀವು ನೋಡೀರಿ. ನನಗ ಹಡ್ಯಾಕ ಒಂದು ಖೋಲಿ ಬೇಕ್ರಿ."

ಅವನು ಪಿಚಕ್ಕನೆ ಉಗುಳಿ ನಕ್ಕ. "ಹಡ್ಯಾಕ ಖೋಲಿ ಯಾಕಬೇ? ನಮ್ಮ ಎಮ್ಮಿ ಎಲ್ಲಿ ಬೇಕಾದರೂ ಈಯ್ತತಿ, ಕರಾನೂ ಉಳೀತಾವು. ಅದು ಖೋಲಿ ಮ್ಯಾಲಲ್ಲ, ಹಡಿಯಾಕಿ ಮ್ಯಾಲ ಇರ್ತತಿ."

ಯಜಮಾನರು ನೆಲ ನೋಡುತ್ತ ನಿಂತರು. ಅವರ ನಾಳೆಯ ಕೂಲಿ ಅವನ ಬೆರಳ ತುದಿಯಲ್ಲಿತ್ತು, ಅವರನ್ನು ನಾನು ಬೈಯುವುದಿಲ್ಲ. ಸಂಘದ ಹಿರಿಯರಲ್ಲಿಗೆ ಹೋದೆವು. "ಒಂದು ಓಣ್ಯಾಗ ಇರೂ ಮಂದಿ, ಹೊಂದಿಕೊಂಡು ಹೋಗ್ರಿ" ಅಂದರು. ಹೊಂದಿಕೊಳ್ಳುವುದು ಅಂದರೆ ಯಾವಾಗಲೂ ಬಡವರು ಸರಿದು ಜಾಗ ಬಿಡುವುದು, ಇದು ನನಗೆ ಅವತ್ತೇ ತಿಳಿಯಿತು.

ಆ ರಾತ್ರಿ ನಾನು ಅಳಲಿಲ್ಲ. ಕೂಸು ಹೋದಾಗ ಅತ್ತದ್ದೇ ಕಡೆ. ಅವನ ಆ ಮಾತು ಮಾತ್ರ ಕಿವಿಯಲ್ಲಿ ಕೂತುಬಿಟ್ಟಿತು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ, ಹಡಿಯಾಕಿ ಮ್ಯಾಲ ಇರ್ತತಿ. ಕೆಲವು ದಿನದ ಮೇಲೆ ಒಲೆಯ ಮುಂದೆ ಕೂತು ಕುರುಡು ಬಾಗಿಲನ್ನೇ ನೋಡುತ್ತಿದ್ದಾಗ ಅವನ ಇನ್ನೊಂದು ಮಾತು ನೆನಪಾಯಿತು. ಹೋಳಿಗೆ ಪಂಕ್ತಿಯ ಮುಂದೆ ಆಡಿದ ಮಾತು. ಅಂದು ಒಬ್ಬಳೇ ನಕ್ಕೆ. ಅತ್ತೆ ತಿರುಗಿ ನೋಡಿದಳು.

ಮರುದಿನದಿಂದ ನಾನು ಗುರುಶಿದ್ದಪ್ಪನ ಕೆಲಸಕ್ಕೆ ನಿಂತೆ. ಹೌದು, ನಾನೇ. ಗೌಂಡಿಗೆ ಮಜ್ಜಿಗೆ ಕೊಟ್ಟೆ. ಬಿಸಿಲಿಗೆ ಗೋಡೆ ಬಿರಿಯದಿರಲೆಂದು ಸಂಜೆ ನೀರು ಹೊಡೆದೆ. ಓಣಿಯ ಹೆಂಗಸರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ನೀಲವ್ವನಿಗೆ ಮಾನ ಮರ್ಯಾದೆ ಇಲ್ಲ, ಜಾಗ ನುಂಗಿದವನಿಗೇ ನೀರು ಹೊರುತ್ತಾಳೆ ಅಂದರು. ಅನ್ನಲಿ ಎಂದು ಬಿಟ್ಟೆ. ಗುರುಶಿದ್ದಪ್ಪನಿಗಂತೂ ಹಿಗ್ಗೋ ಹಿಗ್ಗು. ಸೊಕ್ಕಿದ ಬಾಯಿ ಮುಚ್ಚಿಸಿದೆ ಅಂದುಕೊಂಡ.

ಅವನು ಮೇಲೆ ಹುಲ್ಲು ಹೊಚ್ಚಬೇಕೆಂದಿದ್ದ. ನಾನು ಸೆರಗು ಸರಿಮಾಡಿಕೊಂಡು ಹೋಗಿ, "ಮುಕಾದಮರ, ಇಲ್ಲೀ ಮಳಿಗಿ ಹುಲ್ಲು ತಡೀತತೇನ್ರಿ? ಗಬ್ಬದ ಎಮ್ಮಿ, ಥಂಡಿ ಹತ್ತೀತು" ಅಂದೆ. ಗುರುಶಿದ್ದಪ್ಪ ಗಡ್ಡ ಕೆರೆದುಕೊಂಡ. ವಾರದಲ್ಲಿ ಹಳಿಯಾಳದಿಂದ ಮಂಗಳೂರು ಹೆಂಚು ಬಂತು. ಇನ್ನೊಂದು ದಿನ, "ಗಾಳಿ ಇಲ್ಲಂದ್ರ ಎಮ್ಮಿ ಹಾಲು ಬತ್ತಸ್ತಾವಂತ್ರಿ" ಅಂದೆ. ಮೂಡಲ ದಿಕ್ಕಿಗೆ ಒಂದು ಕಿಟಕಿ ಬಂತು. ನೆಲಕ್ಕೆ ಹಾಸುಗಲ್ಲು ಅವನದೇ ಯೋಚನೆ, ಗೊರಸು ಕೆಸರಿನಲ್ಲಿ ಕೊಳೆಯಬಾರದಲ್ಲ. ನೀರು ನಿಲ್ಲದಂತೆ ಒಂದು ಕಡೆ ಇಳಿಜಾರು ಬಿಡಿಸಿದ. ಎಷ್ಟು ಚೆಂದ ಮಾಡಿಸಿದ ಅಂತೀರಿ, ಒಂದು ಹನಿ ತೇವ ನಿಲ್ಲುತ್ತಿರಲಿಲ್ಲ. ಗೌಂಡಿಗೆ ನಾನೊಂದೇ ಮಾತು ಹೇಳಿದ್ದೆ. ಗೋದಲಿಯನ್ನು ನಮ್ಮ ಹಿಂಗೋಡೆಗೆ ಕಟ್ಟಬೇಡ, ಅದರ ಈಚೆಗೆ ನಮ್ಮ ದೇವರು ಅದಾನ ಅಂದಿದ್ದೆ. ಅವನು ಪಾಪ, ಮೇವಿನ ಗೋದಲಿಯನ್ನು ಪಕ್ಕದ ಗೋಡೆಗೆ ಕಟ್ಟಿದ.

ಯಜಮಾನರಿಗೆ ನಾನು ಏನೂ ಹೇಳಲಿಲ್ಲ. ಅವರ ಮುಖದಲ್ಲಿ ಎಲ್ಲ ಕಾಣುತ್ತದೆ. ಅತ್ತೆ ಮಾತ್ರ ಒಂದು ಸಂಜೆ ನನ್ನನ್ನು ಹಿತ್ತಲಲ್ಲಿ ತಡೆದಳು.

"ಕಿಟಕಿ ಯಾರಿಗೆ ಮಾಡಸಿದಿ?"

"ಎಮ್ಮಿಗಿ ಬಿಡ್ರಿ ಅತ್ತೀ."

"ಎಮ್ಮಿಗೋ, ಬಾಣಂತಿಗೋ?"

ಅತ್ತೆ ಹೆಂಚನ್ನು ನೋಡಿದಳು, ಗೋಡೆ ನೋಡಿದಳು, ನನ್ನ ಹೊಟ್ಟೆ ನೋಡಿದಳು. ಸೊಸೆ ನೆಟ್ಟಗೆ ಒಂದು ರೊಟ್ಟಿ ಬಡಿಯಲಾರಳು ಎಂದು ದಿನಾ ಗೊಣಗುತ್ತಿದ್ದ ಮುದುಕಿ ಅದು. ಮರುದಿನ ತಾನೇ ಕೋಲೂರಿಕೊಂಡು ಗುರುಶಿದ್ದಪ್ಪನ ಮುಂದೆ ನಿಂತು, "ತಮ್ಮಾ, ಎಮ್ಮಿಗಿ ಬಿಸಿನೀರು ಕಾಸಾಕ ಮೂಲ್ಯಾಗ ಒಂದು ಒಲಿ ಹಾಕಿಸಲಾ, ಬ್ಯಾನಿ ಬಂದಾಗ ಬೇಕಾಗ್ತತಿ" ಅಂದಳು. ನಾನು ನಗು ತಡೆಯಲಾರದೆ ಒಳಗೆ ಓಡಿದೆ.

ಮಳೆಗಾಲ ತೆರೆಯುವ ಮಿರಗದ ಮಳೆ ಇನ್ನೇನು ಬಂತು ಅನ್ನುವಾಗ ಕೆಲಸ ಮುಗಿಯಿತು. ಹಿತ್ತಲ ಕಡೆಯ ಬಾಗಿಲಿಗೆ ಒಂದು ಉದ್ದನೆಯ ಹೊಸ್ತಿಲು ಕಲ್ಲು ಕೂಡಿಸಿ, ಅದರ ಮೇಲೆ ಅವನು ತನ್ನ ಹೆಸರು ಕೆತ್ತಿಸಿದ. ಗುರುಶಿದ್ದಪ್ಪ. ಎಮ್ಮೆಯ ಮನೆಗೂ ಹೆಸರು ಬೇಕಾಗಿತ್ತು ಮಹಾರಾಯನಿಗೆ. ಆ ಕಲ್ಲು ನೋಡಿದಾಗ ನನಗೆ ಖಾತ್ರಿಯಾಯಿತು, ಅವನು ಬಿಟ್ಟುಕೊಡುವ ಮಾತು ಸುಳ್ಳು. ಸೋಮವಾರ ಪೂಜೆ ಮಾಡಿ ಎಮ್ಮೆ ಕಟ್ಟಿದ.

ಬುಧವಾರ ನಾನು ಮತ್ತು ಅತ್ತೆ ಕುಂಕುಮದ ಭರಣಿ ಹಿಡಿದು ಓಣಿ ಸುತ್ತಿದೆವು. "ನಾಳಿ ಮುಂಜಾನಿ ನಮ್ಮ ಕುಡ್ಡ ಬಾಗಿಲಾ ಒಡಿತೀವಿ, ಬರ್ರಿ." ಕೇಳಿದವರೆಲ್ಲ ಪಿಳಿಪಿಳಿ ನೋಡಿದರು. ಹಿಂದೆ ಎಮ್ಮೆ ಇದೆಯಲ್ಲ ಅಂದರು. ಇದ್ದರೇನಾಯಿತು ಬನ್ನಿ ಅಂದೆವು. ಗುರುಶಿದ್ದಪ್ಪನ ಹೆಂಡತಿಗೂ ಕುಂಕುಮ ಹಚ್ಚಿದೆ, ಬಿಡಲಿಲ್ಲ. ಸಾವಕ್ಕ ಮಾತ್ರ ಏನೂ ಕೇಳಲಿಲ್ಲ. ಹಣೆ ಮುಂದೆ ಮಾಡಲು ಹೋಗಿ, ವಿಧವೆ ಎಂದು ತಾನೇ ಹಿಂದೆ ಸರಿದಳು. ನಾನು ಅವಳ ಕೈ ಹಿಡಿದು, "ನೀ ಬರದಿದ್ದರ ಬಾಗಿಲಾ ತಗಿಯೂದಿಲ್ಲ" ಅಂದೆ.

ಮುಂಜಾನೆ ಆಕಾಶ ಕಪ್ಪಾಗಿತ್ತು. ಓಣಿಗೆ ಓಣಿಯೇ ನಮ್ಮ ಬಾಗಿಲಲ್ಲಿ. ತೇರಗಾಂವದ ಕಾಳು ಮಾರಿ ಕಡಲೆಬೇಳೆ, ಬೆಲ್ಲ ತಂದು ಹೂರಣ ರುಬ್ಬಿದ್ದೆವು. ಗುರುಶಿದ್ದಪ್ಪ ಬಂದವನೇ ಎಲ್ಲರೆದುರು ನಕ್ಕ. "ಒಡೀರಿ ಒಡೀರಿ. ದಿನಾ ಎಮ್ಮಿ ಮಾರಿ ನೋಡ್ಕೋಂತ ಅಡಗಿ ಮಾಡೂ ಆಶಾ ಇದ್ದರ ನಂದೇನು?"

ಅತ್ತೆ ಹಾರೆ ಎತ್ತಿದಳು. ಮೊದಲ ಇಟ್ಟಿಗೆ ಉದುರಿತು, ಉಳಿದದ್ದನ್ನು ಮೈದುನ ಎಳೆದುಹಾಕಿದ. ಧೂಳು ಇಳಿಯುವ ಮೊದಲೇ ಎಮ್ಮೆ ಕತ್ತು ತೂರಿಸಿ, ತೊಲೆಗೆ ಕಟ್ಟಿದ್ದ ಮಾವಿನ ತೋರಣಕ್ಕೆ ಬಾಯಿ ಹಾಕಿತು. ಹುಡುಗರು ಕೇಕೆ ಹಾಕಿದರು. ಅತ್ತೆ ಎಮ್ಮೆಯ ಹಣೆಗೆ ಕುಂಕುಮ ಇಟ್ಟು, ಹಾರೆ ಗೋಡೆಗೆ ಒರಗಿಸಿ, ಅವನ ಕಡೆ ತಿರುಗಿದಳು.

"ಖೋಲಿ ಛಲೋ ಕಟ್ಟಸೀದಿ ತಮ್ಮಾ. ನಿನ್ನ ಎಮ್ಮಿ ಬಿಚ್ಕೊಂಡು ಹೋಗು."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಡರಿತು. "ಏನಂದಿ ಮುದಕಿ? ಕಲ್ಲು ನಂದು, ಹೆಂಚು ನಂದು."

ಆಗ ಸಾವಕ್ಕ ಮುಂದೆ ಬಂದಳು. ಅವಳು ಎಂದೂ ದನಿ ಎತ್ತಿದವಳಲ್ಲ, ಅಂದೂ ಎತ್ತಲಿಲ್ಲ. "ಕುಡ್ಡ ಬಾಗಿಲಾ ಒಡದ ಮ್ಯಾಲ ಬಾಗಿಲದ ಹಿಂದ ಇದ್ದದ್ದೆಲ್ಲಾ ಬಾಗಿಲದವರದು. ಯಾರ ತಟ್ಟಿ, ಯಾರ ಹೆಂಚು ಅಂತ ಕೇಳೂದಿಲ್ಲ. ಇವತ್ತಿಗೂ ಇದ, ಮುಂದಕ್ಕೂ ಇದ. ಯಾರ ಮಾತ್ರೀ ಇದು ಮುಕಾದಮರ?"

"ಅದು ಬ್ಯಾರೆ, ಇದು ಬ್ಯಾರೆ."

"ಬ್ಯಾರೆ ಆದರ ನನ್ನ ತಟ್ಟಿ, ನನ್ನ ಹೆಂಚು ಕೊಡ್ರಿ. ನಿಮ್ಮ ಹಿಂದಿನ ಖೋಲಿ ನಿಮ್ಮದು ಹೌದೋ ಅಲ್ಲೋ ಅದನ್ನೂ ಮತ್ತ ಕೇಳೂಣು."

ಅವನು ಸುತ್ತ ನೋಡಿದ. ಅಲ್ಲಿದ್ದವರಲ್ಲಿ ಬಹಳ ಜನ ಕುರುಡು ಬಾಗಿಲು ಒಡೆದವರೇ. ಅವರ ಹಿಂದಿನ ಕೋಣೆಗಳೆಲ್ಲ ಇದೇ ಒಂದು ಮಾತಿನ ಮೇಲೆ ನಿಂತಿದ್ದವು. ಇವನಿಗೆ ಹೌದು ಅಂದರೆ ನಾಳೆ ಅವರ ಗೋಡೆಗೂ ಒಬ್ಬ ಬರುತ್ತಾನೆ. ನಮ್ಮ ಮೇಲಿನ ಪ್ರೀತಿಗೆ ಯಾರೂ ನಿಲ್ಲಲಿಲ್ಲ, ಅದು ನನಗೆ ಗೊತ್ತು. ಮೊದಲು ಒಬ್ಬ ಮುದುಕ ಹೋಗಿ ಪಂಕ್ತಿಯಲ್ಲಿ ಕೂತ. ಆಮೇಲೆ ಅವನ ಪಕ್ಕ ಇನ್ನೊಬ್ಬ. ನೋಡುನೋಡುತ್ತ ಎಲ್ಲರೂ ಎಲೆಯ ಮುಂದೆ ಕೂತರು.

ಗುರುಶಿದ್ದಪ್ಪ ಕಡೆಯದಾಗಿ ಧರ್ಮಕ್ಕೆ ಕೈ ಹಾಕಿದ. "ಬಸುರಿ ಮನಿಯಾಗ ಕಟ್ಟಡಾ ಮಾಡೀರಿ, ಅನಾಹುತ ಆಗ್ತತಿ ನೋಡ್ರಿ."

ಅತ್ತೆ ನಕ್ಕಳು. "ನಾವೆಲ್ಲಿ ಕಟ್ಟೀವಪಾ? ನೀ ಕಟ್ಟೀದಿ. ಬಸುರಿ ಮನಿಯವರು ಕಟ್ಟಬಾರದು ಅಂತಾರ. ಕಟ್ಟಿಸ್ಕೋಬಾರದು ಅಂತ ನಮ್ಮ ಹಿರೇರು ಎಲ್ಲೂ ಹೇಳಿಲ್ಲ."

ನಾನು ಹೋಳಿಗೆ ಬಡಿಸುತ್ತಿದ್ದೆ. ಆ ದಿನದಷ್ಟು ರುಚಿಯಾದ ಹೋಳಿಗೆಯನ್ನು ಆಮೇಲೆ ನಾನು ಎಂದೂ ಮಾಡಿಲ್ಲ.

ಎಮ್ಮೆ ಬಿಚ್ಚಿಕೊಂಡು ಹೋಗುವಾಗ ಅವನು ನಮ್ಮ ಯಜಮಾನರ ಕಡೆ ಬೆರಳು ತೋರಿಸಿದ. "ನಾಳಿಂದ ಗ್ಯಾಂಗಿಗೆ ಬರಬ್ಯಾಡ." ಯಜಮಾನರು ಕೈ ಒರೆಸಿಕೊಂಡು, "ಬರೂದಿಲ್ರಿ" ಅಂದರು. ಅಷ್ಟೇ. ನನಗೆ ಅವರು ಕೊಟ್ಟ ಒಡವೆ ಎಂದರೆ ಅದೊಂದೇ ಮಾತು.

ಆ ಮಳೆಗಾಲ ನಾವು ನುಚ್ಚು ಕುದಿಸಿ ಕುಡಿದೆವು. ಯಜಮಾನರು ಕಟ್ಟಿಗೆ ಡಿಪೋಗೆ ಅಲೆದರು, ಕೆಲವು ದಿನ ಕೆಲಸವಿತ್ತು, ಬಹಳ ದಿನ ಇರಲಿಲ್ಲ. ಮೈದುನ ಮುಂಡಗೋಡ ಕಡೆ ಕೂಲಿಗೆ ಹೋದ. ಹಟ ಮಾಡಿ ಗೆದ್ದವರ ಹೊಟ್ಟೆಯೂ ಹಸಿಯುತ್ತದೆ. ಆದರೂ ರಾತ್ರಿ ಮಲಗಿದಾಗ ಮಳೆ ಹೊಸ ಹೆಂಚಿನ ಮೇಲೆ ಬಿದ್ದು ಹರಿದು ಹೋಗುವ ಸದ್ದು ಕೇಳಿಸುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಆ ಸದ್ದು ಕೇಳುತ್ತ ನಾನು ಹಸಿವು ಮರೆತು ನಿದ್ದೆ ಮಾಡುತ್ತಿದ್ದೆ.

ಶ್ರಾವಣಕ್ಕೆ ಮೊದಲೇ ಒಂದು ಸಂಜೆ ಅವನ ಎಮ್ಮೆಗೆ ಬೇನೆ ಬಂತು. ಅವನ ಹಿತ್ತಲಿನ ತಟ್ಟಿಯ ಕೆಳಗೆ ಕೆಸರಿನಲ್ಲಿ ನಿಂತು ಒರಲುತ್ತಿತ್ತು. ಗುರುಶಿದ್ದಪ್ಪ ಛತ್ರಿ ಹಿಡಿದು ನಮ್ಮ ಹಿತ್ತಲಿಗೆ ತಾನೇ ಬಂದ. "ಒಂದು ರಾತ್ರಿ ಒಳಗ ಕಟ್ಟತೇನವಾ ನೀಲವ್ವಾ. ಮೂಕಪ್ರಾಣಿ."

ನಾನು ಹೊಸ್ತಿಲಲ್ಲಿ, ಅವನ ಹೆಸರಿನ ಮೇಲೆ ಕಾಲಿಟ್ಟು ನಿಂತಿದ್ದೆ. "ಖೋಲಿ ಯಾಕ್ರೀ ಮುಕಾದಮರ? ಎಮ್ಮಿ ಎಲ್ಲಿ ಬೇಕಾದರೂ ಈಯ್ತತಿ. ಅದು ಖೋಲಿ ಮ್ಯಾಲಲ್ಲ, ಈಯೂದರ ಮ್ಯಾಲ ಇರ್ತತಿ" ಅಂದು ಬಾಗಿಲು ಹಾಕಿಕೊಂಡೆ. ಎಮ್ಮೆಗೆ ಮಾತ್ರ ಅತ್ತೆಯ ಕೈಯಲ್ಲಿ ಬಿಸಿ ಗಂಜಿ ಕಳಿಸಿದೆ, ಅದರ ಮೇಲೆ ನನಗೇನು ಸಿಟ್ಟು. ಕರು ಉಳಿಯಿತು. ಉಳಿದದ್ದು ಒಳ್ಳೆಯದಾಯಿತು. ಉಳಿಯದಿದ್ದರೂ ನಾನು ಬಾಗಿಲು ತೆಗೆಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಗಿರಿಜಾ ಹುಟ್ಟಿದ್ದು ಜಡಿಮಳೆಯಲ್ಲಿ, ಆ ಕೋಣೆಯಲ್ಲಿ. ಎಮ್ಮೆಗೆಂದು ಹಾಕಿದ ಒಲೆಯಲ್ಲಿ ಸಾವಕ್ಕ ನೀರು ಕಾಸಿದಳು, ಕಿಟಕಿಯಿಂದ ಹೊಗೆ ಹೊರಗೆ ಹೋಯಿತು. ಹಾಸುಗಲ್ಲಿನ ಮೇಲೆ ಕೌದಿ ಹಾಸಿ ಮಲಗಿದ್ದೆ, ಬೆನ್ನಿಗೆ ತೇವ ತಾಗಲಿಲ್ಲ. ಕೂಸು ಗೋಡೆ ನಡುಗುವ ಹಾಗೆ ಅತ್ತಿತು. ಆಚೆ ಗೋಡೆಯವನಿಗೆ ಕೇಳಿಸಲಿ ಎಂದು ನಾನು ಸುಮ್ಮನಾಗಿಸಲು ಅವಸರ ಮಾಡಲಿಲ್ಲ. ಅವಳ ತೊಟ್ಟಿಲು ಕಟ್ಟಿದ ದಿನ ಸಾವಕ್ಕ ಊಟ ಮುಗಿಯುವವರೆಗೆ ಎಲೆ ಬಿಟ್ಟು ಏಳಲಿಲ್ಲ.

ಬಾಣಂತನ ಮುಗಿದು ಎದ್ದ ಮೇಲೆ ನಾನು ಮಾಡಿಸಿದ ಮೊದಲ ಕೆಲಸ ಎಂದರೆ ಆ ಹೊಸ್ತಿಲು ಕಲ್ಲು ಕೀಳಿಸಿದ್ದು. ಅದನ್ನು ಬಚ್ಚಲಿನಲ್ಲಿ, ಅವನ ಗೋಡೆಗೆ ತಾಗಿಸಿ, ಅಕ್ಷರ ಮೇಲೆ ಮಾಡಿ ಹಾಕಿಸಿದೆ. ಒಗೆಯುವ ಕಲ್ಲು. ಅವನು ಒಮ್ಮೆ ಬಂದು, "ಆ ಕಲ್ಲರ ಕೊಡವಾ" ಎಂದು ಕೇಳಿದ. ಬಾಗಿಲದ ಹಿಂದಿನದು ಬಾಗಿಲದವರದು ಅಂದೆ. ಅಂದಿನಿಂದ ದಿನಾ ಮುಂಜಾನೆ ಅವನ ಹೆಸರಿನ ಮೇಲೆ ಬಟ್ಟೆ ಬಡಿದೆ. ಕೂಸು ಹೇತ ಬಟ್ಟೆ ಮೊದಲು, ಉಳಿದದ್ದು ಆಮೇಲೆ. ಗೋಡೆಯ ಆಚೆ ಅವನು ಪೂಜೆಗೆ ಕೂತಿರುತ್ತಿದ್ದ. ಅವನು ಮುದುಕನಾದ, ಹಾಸಿಗೆ ಹಿಡಿದ, ಸತ್ತ. ಮಣ್ಣು ಮಾಡಿದ ಮರುದಿನ ಒಂದು ದಿನ ಬಿಟ್ಟೆ, ಅದೂ ಅವನ ಹೆಂಡತಿಯ ಮುಖ ನೋಡಿ. ಮತ್ತೆ ಬಡಿದೆ.

ಆಮೇಲೆ ಮನೆ ಬೆಳೆಯಿತು. ಯಜಮಾನರಿಗೆ ಡಿಪೋದಲ್ಲಿ ಕಾಯಂ ಕೆಲಸವಾದ ಮೇಲೆ ಅಡುಗೆಮನೆ, ಮಗನ ಮದುವೆಗೆ ಪಡಸಾಲೆ, ಗಿರಿಜಾಳ ಕಾಲಕ್ಕೆ ಮೇಲೊಂದು ಮಾಳಿಗೆ. ಪಕ್ಕದ ಗೋಡೆಯ ಆ ಗೋದಲಿಯಲ್ಲಿ ಈಗ ಸ್ಟೀಲ್ ಪಾತ್ರೆ ಜೋಡಿಸಿದ್ದಾಳೆ.

ಇಷ್ಟೆಲ್ಲ ನೆನೆಯುತ್ತ ಮನೆ ಮುಟ್ಟಿದೆ. ಗಿರಿಜಾ ಚಹಾ ಕೊಟ್ಟು, "ಅವ್ವಾ, ಬಾಜೂ ಮನಿ ಹುಡಗ ನಿನಗ ಕಾಯಾಕತ್ತಾನ" ಅಂದಳು. ಗುರುಶಿದ್ದಪ್ಪನ ಮೊಮ್ಮಗ. ಒಳ್ಳೆಯ ಹುಡುಗ, ಕಾಲಿಗೆ ನಮಸ್ಕಾರ ಮಾಡಿದ. ಮುಖ ಮಾತ್ರ ಅಜ್ಜನದೇ.

"ಅಜ್ಜೀ, ನಿಮ್ಮ ಬಚ್ಚಲಾ ಒಡೀತಾರಂತ ಕೇಳಿದೆ. ನಮ್ಮ ಅಜ್ಜನ ಹೆಸರಿನ ಕಲ್ಲು ಐತಂತಲ್ರಿ. ಹಿಂದಿಂದು ನನಗೇನೂ ಗೊತ್ತಿಲ್ರಿ. ಕೊಟ್ಟರ ನಮ್ಮ ಮನಿ ಮುಂದ ಇಡ್ತೇವಿ."

ಎಷ್ಟು ನಯವಾಗಿ ಕೇಳಿದ. ಅಜ್ಜನ ತಪ್ಪು ಮೊಮ್ಮಗನದಲ್ಲ, ಅಷ್ಟು ತಿಳಿಯದವಳಲ್ಲ ನಾನು. "ಕೊಡ್ತೇನಪಾ, ಯಾಕ ಕೊಡಬಾರದು. ಬಾ, ನೋಡೂಣು" ಅಂದೆ.

ಇಬ್ಬರೂ ಬಚ್ಚಲಿಗೆ ಹೋದೆವು. ಅವನು ಮೊಣಕಾಲೂರಿ ಕಲ್ಲಿನ ಮೇಲೆ ಕೈಯಾಡಿಸಿದ. ಕಲ್ಲು ನುಣ್ಣಗಿತ್ತು. ಹುಡುಕಿದ, ನೀರು ಹಾಕಿ ತೊಳೆದು ಹುಡುಕಿದ. ಬಲತುದಿಯಲ್ಲಿ, ಪೆಟ್ಟು ಕಡಿಮೆ ಬೀಳುವ ಮೂಲೆಯಲ್ಲಿ, ಕಡೆಯ ಅಕ್ಷರ ಒಂದೇ ಒಂದು ಮಸುಕಾಗಿ ಉಳಿದಿತ್ತು. ನಾನು ಹಳಿಯಾಳಕ್ಕೆ ಹೋದ ಮೇಲೆ ಗಿರಿಜಾ ವಾಷಿಂಗ್ ಮಶೀನ್ ತಂದಿದ್ದಳು, ಅದಕ್ಕೇ ಉಳಿದದ್ದು.

"ಇಷ್ಟರ ಐತಲ್ರಿ ಅಜ್ಜಿ" ಎಂದು ಅವನು ಬೆರಳಿನಿಂದ ಸವರಿದ.

"ಇವತ್ತ ಬ್ಯಾಡ" ಅಂದೆ. "ಎಂಟು ದಿನ ಬಿಟ್ಟು ಬಾ, ಒಯ್ಯುವಂತಿ."

ಅವನು ಖುಷಿಯಿಂದ ಹೋದ. ನಾನು ಸೀರೆ ಮೇಲೆ ಕಟ್ಟಿ ಮಣೆ ಎಳೆದುಕೊಂಡು ಕೂತೆ. ಗಿರಿಜಾಳನ್ನು ಕೂಗಿ, ಮನೆಯಲ್ಲಿ ಇರುವ ಹೊದಿಕೆ, ಕೌದಿ, ಪರದೆ ಎಲ್ಲ ತಂದು ಹಾಕು, ಒಂದು ಸಾಬೂನೂ ಕೊಡು ಅಂದೆ.